ಎದುರು ಮಾತಿಗೆ ಹತ್ತು ನಿಮಿಷ

ಮಾರ್ಚ್ 4, 1975. ಮಂಗಳವಾರ

ರೇಡಿಯೋ ಸ್ಟೇಷನ್ನಿನ ಮೂರನೇ ಫೋನ್ ಲೈನ್ ಮತ್ತೆ ಕೆಟ್ಟಿತ್ತು. ಪ್ಲಗ್ ಅಲ್ಲಾಡಿಸಿ ಸರಿಮಾಡಿದೆ. ಹವಾಮಾನ, ಗಣಿಯ ಪಾಳಿ, ಸಾವಿನ ಸುದ್ದಿ. ಆಮೇಲೆ ಡೆಲ್ಮರ್ ಕ್ರೌಚ್‌ನ ಎರಡು ಗಂಟೆ ಹರಟೆ, ಕೇಳುಗರ ಫೋನು. ಗಾಜಿನ ಆಚೆ ಅವನು, ಈಚೆ ನಾನು — ವರ್ಷಗಳಿಂದ ಹೀಗೇ.

ಇವತ್ತು ಶಾಲೆಯ ಪುಸ್ತಕಗಳ ಜಗಳ ಎತ್ತಿಕೊಂಡ. ಸ್ಕೂಲ್ ಬೋರ್ಡ್ ಹೊಸ ಪಠ್ಯಗಳನ್ನು ಶಾಲೆಯಿಂದ ತೆಗೆಸಿದಾಗಿನಿಂದ ಕಣಿವೆಯೇ ಎರಡು ಹೋಳು. ಡೆಲ್ಮರ್ ಬೋರ್ಡಿನ ಕಡೆ. ಇರಲಿ. ಆದರೆ ಹೆಸರು ಹೇಳಿಬಿಟ್ಟ. "ಆ ಐಯೋಲಾ ಟ್ಯಾಕೆಟ್ ಟೀಚರ್ ಇದ್ದಾಳಲ್ಲ, ಅವಳಿಗೆ ಪುಸ್ತಕ ಯಾಕೆ, ಮಾಸ್ಕೋದಿಂದ ಅಪ್ಪಣೆ ಬಂದ್ರೆ ಸಾಕು. ಮಕ್ಕಳ ತಲೆಗೆ ವಿಷ ಸುರಿಯೋಕೆ ನಮ್ಮ ತೆರಿಗೆ ದುಡ್ಡಲ್ಲಿ ಸಂಬಳ ತಗೋತಾಳೆ!"

ಫೋನಿನ ದೀಪಗಳೆಲ್ಲ ಹೊತ್ತಿಕೊಂಡವು. ಸಾಕು ಎಂದು ಕೈಮಾಡಿದೆ. ಕಣ್ಣು ಹೊಡೆದ. ಕಾರ್ಯಕ್ರಮ ಮುಗಿದ ಮೇಲೆ ಹಿಡಿದು ನಿಲ್ಲಿಸಿದೆ.

"ಹೆಸರು ಹೇಳಬಾರ್ದಿತ್ತು ಕಣೋ."

"ಊರಿಗೆಲ್ಲ ಗೊತ್ತಿರೋ ಹೆಸರು, ವರ್ನಾ."

"ಗೊತ್ತಿರೋದು ಬೇರೆ, ರೇಡಿಯೋದಲ್ಲಿ ಬೈಯೋದು ಬೇರೆ. ಈಗ ಅವರಿಗೆ ತಿಳಿಸಬೇಕು, ನೀನು ಅಂದದ್ದನ್ನೆಲ್ಲ ಬರೆದು ಕಳಿಸಬೇಕು, ಎದುರು ಮಾತಿಗೆ ಬಿಟ್ಟಿಯಾಗಿ ಸಮಯ ಕೊಡಬೇಕು. ನಮಗೆ ಲೈಸೆನ್ಸ್ ಕೊಡೋ ವಾಷಿಂಗ್ಟನ್ನಿನ ನಿಯಮ."

"ವಾಷಿಂಗ್ಟನ್ ನನ್ನ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದೆ ಅನ್ನು."

ಟೈಪ್ ಮಾಡುವವಳು ನಾನು. ಅವನಿಗೇನು.

ಮಾರ್ಚ್ 6

ಸ್ಟೇಷನ್ ಮಾಲೀಕ ರಾಟ್ಲಿಫ್ ಬಂದಿದ್ದರು. ಈ ವರ್ಷ ಲೈಸೆನ್ಸ್ ನವೀಕರಣ. ಅದೊಂದೇ ಜಪ. "ಆಯಮ್ಮ ಸಮಯ ಕೇಳಿದ್ರೆ ಕೊಡು. ಕೇಳದಿದ್ರೆ ನಮ್ಮ ಪುಣ್ಯ."

ಟೈಪ್ ಮಾಡಿದ ಪತ್ರವನ್ನು ಅಂಚೆಗೆ ಹಾಕದೆ ನಾನೇ ಟೀಚರ ಮನೆಗೆ ತೆಗೆದುಕೊಂಡು ಹೋದೆ. ಮುಂದಿನ ಕಿಟಕಿಗೆ ಗಾಜಿನ ಬದಲು ರಟ್ಟು. ಯಾರೋ ಕಲ್ಲು ಎಸೆದಿದ್ದರು. ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತು. ನಿಂತುಕೊಂಡೇ ಓದಿದರು.

"ನಿಮ್ಮ ಕ್ರೌಚ್ ಮಾತು ಮುಗಿಸೋ ಹೊತ್ತಿಗೆ ದಿನಸಿ ಅಂಗಡಿಯವನು ನನ್ನ ಹತ್ರ ಮಾತು ಬಿಟ್ಟಿದ್ದ, ಗೊತ್ತಾ?"

"ಬಂದು ಮಾತಾಡಿ ಟೀಚರ್. ಹತ್ತು ನಿಮಿಷ ಕೊಡ್ತಾರೆ."

"ಬರ್ತೀನಿ. ಖಂಡಿತ ಬರ್ತೀನಿ."

ಮಾರ್ಚ್ 13

ಬಂದರು. ಕಾಗದ ನೋಡಿಕೊಂಡು ಓದಿದರು — ಆ ಪುಸ್ತಕಗಳನ್ನು ಆರಿಸಿದ ಪಠ್ಯ ಸಮಿತಿ ಎಂದರೇನು, ಅದರ ಸದಸ್ಯರು ಯಾರು, ಸಭೆ ಹೇಗೆ ನಡೆಯುತ್ತದೆ... ಕಲ್ಲಿನ ಸುದ್ದಿ ಇಲ್ಲ, ಅಂಗಡಿಯವನ ಸುದ್ದಿ ಇಲ್ಲ. ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ಫೋನೂ ಬರಲಿಲ್ಲ. ಇಷ್ಟಕ್ಕೇ ಅಷ್ಟೆಲ್ಲ ಟೈಪ್ ಮಾಡಿದೆನೇ?

ಹೊರಗೆ ಬಂದಾಗ ಡೆಲ್ಮರ್ ಡೋನಟ್ ಅಗಿಯುತ್ತಾ ಕೆಣಕಿದ. "ಟೀಚರ್, ಇಷ್ಟು ಓದಿದ್ದೀರಿ, ಜಗಳ ಆಡೋಕೇ ಬರಲ್ವಲ್ರೀ!"

"ಬರುತ್ತೆ. ನಿಮಗೆ ದಿನಾ ಎರಡು ಗಂಟೆ, ನನಗೆ ಹತ್ತು ನಿಮಿಷ. ಅಷ್ಟರಲ್ಲಿ ಬರಲ್ಲ."

"ಹಾಗಾದ್ರೆ ನಾಳೆ ಬನ್ನಿ. ನನ್ನೆದುರೇ ಕೂತ್ಕೊಳ್ಳಿ."

"ಅದಕ್ಕೇನು, ಬಂದೆ."

ಮಾರ್ಚ್ 14

ಎಂಥ ಜಗಳ! ಫೋನ್ ಹಿಡಿದೂ ಹಿಡಿದೂ ಕೈ ಸೋತಿತು. ಒಬ್ಬ ಪಾದ್ರಿ ಶಾಪ ಹಾಕಿದ. ಗಣಿ ಕೆಲಸದವನೊಬ್ಬ, ನನ್ನ ಮಗಳಿಗೆ ಓದು ಹಿಡಿಸಿದ್ದೇ ಈ ಟೀಚರು ಎಂದು ಹೇಳುತ್ತಾ ಅತ್ತೇಬಿಟ್ಟ.

"ಆ ಪುಸ್ತಕ ಓದಿದ್ದೀರಾ, ಮಿಸ್ಟರ್ ಕ್ರೌಚ್?" ಎಂದರು ಟೀಚರ್.

"ಅದರ ಬಗ್ಗೆ ಓದಿದ್ದೀನಿ."

"ಊಟದ ಬಗ್ಗೆ ಓದಿದ್ರೆ ಹೊಟ್ಟೆ ತುಂಬುತ್ತಾ?"

ಡೆಲ್ಮರಿಗೇ ನಗು ತಡೆಯಲಾಗಲಿಲ್ಲ. ಇಬ್ಬರೂ ಒಂದಿಂಚು ಬಗ್ಗಲಿಲ್ಲ. ಹೋಗುವಾಗ ಕೈಕುಲುಕಿದರು. ಈ ಕೆಲಸಕ್ಕೆ ಸೇರಿದ್ದು ಇದಕ್ಕೇ ಅಲ್ಲವೇ ಅನ್ನಿಸಿತು.

ಮಾರ್ಚ್ 17

ಮೂರು ದಿನವೂ ಉಳಿಯಲಿಲ್ಲ ಆ ಖುಷಿ.

ಬೋರ್ಡಿನ ಅಧ್ಯಕ್ಷರಿಗೆ ಟೀಚರ್ ಮಾತು ಚುಚ್ಚಿದೆಯಂತೆ. ಅವರಿಗೂ ಸಮಯ ಬೇಕಂತೆ. ಪಾದ್ರಿಗೂ ಬೇಕಂತೆ. ರಾಟ್ಲಿಫ್ ಲಾಯರ್ ಹತ್ತಿರ ಓಡಿದರು. ಬಂದವರೇ ಹೇಳಿದರು, "ಇವತ್ತಿಗೆ ಮುಗೀತು. ನಾಳೆಯಿಂದ ರಾಜಕೀಯ ಇಲ್ಲ, ಪುಸ್ತಕ ಇಲ್ಲ, ಯಾರ ಹೆಸರೂ ಇಲ್ಲ. ಆ ಎರಡು ಗಂಟೆ ಹಳೇ ಸಾಮಾನು ಕೊಡೋರು-ಕೊಳ್ಳೋರ ಫೋನು ಮಾತ್ರ. ವರ್ನಾ, ಯಾರಾದರೂ ಬಾಲ ಬಿಚ್ಚಿದ್ರೆ ಲೈನ್ ಕಟ್ ಮಾಡು."

"ಸರ್, ಎಲ್ಲರಿಗೂ ಮಾತಾಡೋಕೆ ಬಿಡಿ ಅನ್ನುತ್ತೆ ನಿಯಮ. ಯಾರಿಗೂ ಬಿಡಬೇಡಿ ಅಂತ ಎಲ್ಲಿದೆ?"

"ಯಾರೂ ಮಾತಾಡದಿದ್ರೆ ಯಾರಿಗೂ ಉತ್ತರ ಕೊಡಬೇಕಾಗಿಲ್ವಲ್ಲಮ್ಮ!"

ಡೆಲ್ಮರ್ ನನ್ನ ಮೇಲೆ ಹರಿಹಾಯ್ದ. "ನೋಡಿದ್ಯಾ ನಿನ್ನ ನ್ಯಾಯದ ಕಾನೂನು?"

"ಆ ಕಾನೂನು ಇಲ್ದಿದ್ರೆ ನೀನು ಆಯಮ್ಮನ ಮುಖಾನೂ ನೋಡ್ತಿರ್ಲಿಲ್ಲ."

"ಅದಿಲ್ದಿದ್ರೆ ನನ್ನ ಬಾಯಿಗೆ ಬೀಗಾನೂ ಬೀಳ್ತಿರ್ಲಿಲ್ಲ."

ಅವನು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಅದಕ್ಕೇ ಮೈ ಉರಿಯುತ್ತಿರುವುದು.

ಮಾರ್ಚ್ 25

ಬಾತುಕೋಳಿ. ಬಟ್ಟೆ ಒಗೆಯುವ ಮೆಷಿನ್. ಮಗುವಿನ ತೊಟ್ಟಿಲು. ಡೆಲ್ಮರ್ ಗಾಣದ ಎತ್ತಿನಂತೆ ಸುತ್ತುತ್ತಿದ್ದಾನೆ.

ಕೇಳುಗರು ಬಿಡುವವರೇ? "ಮಾರಾಟಕ್ಕಿದೆ ಸ್ವಾಮಿ, ಒಬ್ಬ ಸ್ಕೂಲ್ ಬೋರ್ಡ್ ಅಧ್ಯಕ್ಷ. ಬೆನ್ನುಮೂಳೆ ಒಂದಿಲ್ಲ, ಮಿಕ್ಕಿದ್ದೆಲ್ಲ ಸರಿಯಾಗಿದೆ." ನಗುತ್ತಲೇ ಕಟ್ ಮಾಡಿದೆ.

ಆಮೇಲೆ ಒಬ್ಬ ಹೆಂಗಸು. ಗಂಡನ ಉಸಿರಾಟದ ಯಂತ್ರ ಕೊಡುವುದಿದೆ ಎಂದರು. ಇನ್ನು ಬೇಡವಂತೆ. "ಗಣಿ ಧೂಳು ಅಂತ ಡಾಕ್ಟ್ರು ಬರೆದುಕೊಟ್ರೂ ಕಂಪನಿಯವರು ಒಪ್ಪಲಿಲ್ಲ ನೋಡಿ—"

ಕಂಪನಿ ಎಂದದ್ದೇ ತಡ, ಬೆರಳು ತಾನಾಗಿ ಸ್ವಿಚ್ ಒತ್ತಿತು. ಯಾರೂ ಹೇಳಿರಲಿಲ್ಲ. ರಾಟ್ಲಿಫ್ ಆಫೀಸಿನಲ್ಲೇ ಇರಲಿಲ್ಲ.



ಏಪ್ರಿಲ್ 9

ಬರೆಯುವ ಮನಸ್ಸಿರಲಿಲ್ಲ ಇಷ್ಟು ದಿನ.

ಟ್ಯಾಕೆಟ್ ಟೀಚರು ಬರುವ ವರ್ಷ ಕೆಲಸಕ್ಕೆ ಬೇಡ ಎಂದರಂತೆ ಬೋರ್ಡಿನವರು. ಡೆಲ್ಮರ್ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದ. "ಆ ಪುಸ್ತಕ ನನಗೆ ಈಗಲೂ ಬೇಡ. ಆದ್ರೆ ಅವರ ಕೆಲಸ ತೆಗೀರಿ ಅಂತ ನಾನು ಹೇಳಿರ್ಲಿಲ್ಲ."

"ಬಾಯಿಬಿಟ್ಟು ಹೇಳಲೇಬೇಕಾಗಿತ್ತಾ?"

ಕಾಫಿ ಅಲ್ಲೇ ಬಿಟ್ಟು ಹೋದ.

ಏಪ್ರಿಲ್ 11. ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಎರಡನೇ ಲೈನ್. "ಹೇಳಿ, ನಿಮ್ಮ ಹತ್ರ ಏನಿದೆ?" ಎಂದ ಡೆಲ್ಮರ್, ನಿದ್ದೆಗಣ್ಣಿನ ದನಿಯಲ್ಲಿ.

"ಪುಸ್ತಕಗಳು. ಹೊಸವು. ಸ್ಕೂಲಿನವರು ಎಸೆಯೋಕೆ ಹೊರಗಿಟ್ಟಿದ್ರು, ಕೇಳಿ ತಂದ್ಕೊಂಡೆ. ಗ್ಯಾರೇಜ್ ತುಂಬ ಇವೆ. ದುಡ್ಡು ಬೇಡ."

ಟ್ಯಾಕೆಟ್ ಟೀಚರ ದನಿ. ಡೆಲ್ಮರ್ ನೆಟ್ಟಗೆ ಕೂತ.

ಬೆನ್ನ ಹಿಂದೆ ಬಾಗಿಲು ತೆರೆಯಿತು. ರಾಟ್ಲಿಫ್. "ಕಟ್ ಮಾಡು."

ಬೆರಳು ಸ್ವಿಚ್ಚಿನ ಮೇಲೇ ಇತ್ತು.

"ವರ್ನಾ, ಕಟ್ ಮಾಡು ಅಂದೆ!"

"ಇದು ರಾಜಕೀಯ ಅಲ್ಲ ಸರ್. ಬಿಟ್ಟಿ ಸಾಮಾನು."

"ನನಗೇ ಹೇಳಿಕೊಡ್ತೀಯಾ?" ಎಂದು ಕೈ ಚಾಚಿದರು. ಜೀವನದಲ್ಲಿ ಮೊದಲ ಸಲ ಮಾಲೀಕರ ಕೈ ತಳ್ಳಿದೆ.

ಗಾಜಿನ ಆಚೆ ಡೆಲ್ಮರ್ ಎಲ್ಲ ನೋಡುತ್ತಿದ್ದ. ಮೈಕಿನ ಹತ್ತಿರ ಬಾಗಿದ. "ನಾನಾದ್ರೆ ಆ ಪುಸ್ತಕಗಳನ್ನ ಮನೆಯೊಳಗೆ ಸೇರಿಸಲ್ಲ, ಟೀಚರ್."

"ಗೊತ್ತು, ಮಿಸ್ಟರ್ ಕ್ರೌಚ್."

"ವಿಳಾಸ ಹೇಳಿ."

ಹೇಳಿದರು. ಸಾವಿನ ಸುದ್ದಿ ಓದುವ ಹಾಗೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಎರಡು ಸಲ ಓದಿದ ಡೆಲ್ಮರ್. ಆಮೇಲೆ, "ಮುಂದಿನವರು ಯಾರಪ್ಪ?"

ಏಪ್ರಿಲ್ 12

ಟೀಚರ್ ಮನೆಯ ಕಡೆ ಹೋಗಿದ್ದೆ. ರಸ್ತೆಯುದ್ದಕ್ಕೂ ಕಾರು, ಟ್ರಕ್ಕು. ಒಯ್ಯಲು ಬಂದವರೋ ಸುಡಲು ಬಂದವರೋ ಎಂದು ತಿಳಿಯದೆ ಹತ್ತಿರ ಹೋದೆ. ಎರಡೂ ಥರದವರಿದ್ದರು. ಒಬ್ಬ ಗೇಟಿನಲ್ಲಿ ನಿಂತು ಅರಚುತ್ತಿದ್ದ. ಡೆಲ್ಮರ್ ಅವನ ಹೆಗಲ ಮೇಲೆ ಕೈಹಾಕಿ, "ಬೈಯೋದಿದ್ರೆ ಬೈಯಿ ಮಾರಾಯ, ದಾರಿ ಬಿಟ್ಟು ಬೈಯಿ. ಹಿಂದೆ ಜನ ಕಾಯ್ತಿದ್ದಾರೆ," ಎನ್ನುತ್ತಿದ್ದ. ಪೆಟ್ಟಿಗೆಗಳನ್ನು ಮುಟ್ಟಲಿಲ್ಲ. ಗೇಟೂ ಬಿಡಲಿಲ್ಲ. ಸಂಜೆಗೆ ಗ್ಯಾರೇಜ್ ಅರ್ಧ ಖಾಲಿ.

ಏಪ್ರಿಲ್ 13. ಭಾನುವಾರ

ಚರ್ಚ್ ಮುಗಿಯುತ್ತಿದ್ದಂತೆ ರಾಟ್ಲಿಫ್ ಫೋನ್. ತಪ್ಪೆಲ್ಲ ಡೆಲ್ಮರನದು, ನನ್ನ ಮಾತು ಮೀರಿ ಅವನೇ ಲೈನ್ ಕಟ್ ಮಾಡದೆ ಇಟ್ಟುಕೊಂಡ ಎಂದು ನಾನು ಬರೆದುಕೊಡಬೇಕಂತೆ. ವಾಷಿಂಗ್ಟನ್ ಕೇಳಿದರೆ ತೋರಿಸಲು. ಕೊಟ್ಟರೆ ನನ್ನ ಕೆಲಸ ಉಳಿಯುತ್ತದೆ. "ಯೋಚನೆ ಮಾಡಮ್ಮ. ನಿನ್ನ ವಯಸ್ಸಿಗೆ ಇನ್ನೊಂದು ಸ್ಟೇಷನ್ ಸಿಗುತ್ತಾ?"

ಸಿಗುವುದಿಲ್ಲ. ಗೊತ್ತು.

ನಾಳೆ ಟೈಪ್ ಮಾಡಬೇಕಾದದ್ದನ್ನು ಇಲ್ಲೇ ಬರೆದು ನೋಡುತ್ತೇನೆ —

ಸ್ವಿಚ್ ಇದ್ದದ್ದು ನನ್ನ ಕಡೆ. ಡೆಲ್ಮರ್ ಕ್ರೌಚ್ ಕೈಗೆ ಅದು ಎಟುಕುವುದೇ ಇಲ್ಲ. ಕಟ್ ಮಾಡು ಎಂದು ಮಾಲೀಕರು ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಒತ್ತದೆ ಇದ್ದವಳು ನಾನು. ಏಕೆಂದರೆ ಹಿಂದೊಮ್ಮೆ, ಗಂಡನ ಉಸಿರಾಟದ ಯಂತ್ರ ಕೊಡುವುದಿದೆ ಎಂದ ಹೆಂಗಸಿನ ಮಾತನ್ನು ಯಾರೂ ಹೇಳದೆಯೇ ಕಟ್ ಮಾಡಿದವಳೂ ನಾನೇ.