ಬರುತ್ತೆ, ಬರಲ್ಲ

೧೪ ಸೆಪ್ಟೆಂಬರ್, ಶನಿವಾರ ಬೆಳಿಗ್ಗೆ

ಪ್ರೀತಿಯ ಪಿಟೀಲು,

ಈ ಹೆಸರು ಹಿಡಿದು ಕರೆಯಬೇಡ ಎಂದು ನೀನು ಹೇಳಿ ಹತ್ತು ವರ್ಷವಾಯಿತು. ಏನು ಮಾಡಲಿ, ಕೈ ತಾನಾಗಿಯೇ ಬರೆದುಬಿಟ್ಟಿತು. ಹೇಗಿದ್ದೀಯ? ಬೆನ್ನು ನೋವು ಹೇಗಿದೆ? ಆಪರೇಷನ್ನಿಗೆ ಇನ್ನು ಹನ್ನೆರಡು ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ನಿನ್ನ ಪತ್ರ ಬಂದು ಮೂರು ವಾರವಾದರೂ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಕೆಲಸ ಜಾಸ್ತಿ ಇತ್ತು ಎಂದು ಕತೆ ಕಟ್ಟುವುದಿಲ್ಲ. ಸಿಟ್ಟಿತ್ತು. 'ಆರು ವಾರ ಮಲಗಿರಬೇಕಂತೆ, ನರ್ಸಮ್ಮನ್ನ ಗೊತ್ತು ಮಾಡಿದೀನಿ, ನೀನು ಬರೋದು ಬೇಡಮ್ಮ' ಎಂದು ಬರೆದಿದ್ದೆಯಲ್ಲ. ಹೆತ್ತ ತಾಯಿ ಗುಂಡುಕಲ್ಲಿನ ಹಾಗೆ ಇರುವಾಗ ಗುರುತು ಪರಿಚಯ ಇಲ್ಲದ ನರ್ಸು ಯಾಕೆ ಎಂದು ಮನೆ ತುಂಬ ಕೂಗಾಡಿದೆ. ನಿಮ್ಮಪ್ಪ ಹಳೇ ರೇಡಿಯೋ ಬಿಚ್ಚಿಕೊಂಡು ಕೂತಿದ್ದವರು ತಲೆ ಎತ್ತಲೇ ಇಲ್ಲ.

ಈಗ ಸಿಟ್ಟಿಲ್ಲ. ಗುರುವಾರದಿಂದ ಗರ ಬಡಿದವಳ ಹಾಗೆ ಆಗಿದ್ದೇನೆ. ನಿನ್ನೆ ಹಾಲು ಒಲೆಯ ಮೇಲಿಟ್ಟು ಅದರ ಮುಂದೆಯೇ ನಿಂತಿದ್ದೆ. ಉಕ್ಕಿ ಹರಿದು ಒಲೆ ಆರಿದ ಮೇಲೆ ನಿಮ್ಮಪ್ಪ ಬಂದು ಗ್ಯಾಸು ಬಂದ್ ಮಾಡಿದರು. ಏನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಪೂರ್ತಿ ಓದು, ನಡುವೆ ಮಡಿಚಿಡಬೇಡ.

ಗುರುವಾರ ನನ್ನನ್ನು ಒಂದು ದೊಡ್ಡ ಲಾಂಡ್ರಿಗೆ ಶಿಬಿರ ನಡೆಸಲು ಕರೆದಿದ್ದರು. ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಅರವತ್ತು ಜನ ಕೆಲಸದವರು. ನಾನು ಏನು ಮಾಡುತ್ತೇನೆಂದು ನಿನಗೆ ಹೇಳಬೇಕಾಗಿಲ್ಲ. ಒಂದು ಹಾಳೆ, ನಡುವೆ ಒಂದು ಗೆರೆ. ಎಡಗಡೆ 'ನನಗೆ ಬರುತ್ತೆ', ಬಲಗಡೆ 'ನನಗೆ ಬರಲ್ಲ'. ಮಕ್ಕಳಾದರೆ ಎಡಗಡೆ ಮೊದಲು ತುಂಬಿಸುತ್ತಾರೆ. ದೊಡ್ಡವರು ಬಲಗಡೆ ಗಿಜಿಗಿಜಿ ಬರೆದು ಎಡಗಡೆ ಖಾಲಿ ಬಿಟ್ಟು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಒಬ್ಬೊಬ್ಬರ ಪಕ್ಕ ಕೂತು ಮಾತಾಡಿ, ಅವರಲ್ಲಿರುವುದನ್ನು ಅವರಿಗೇ ತೋರಿಸಿ, ಆ ಎಡಗಡೆಯನ್ನು ತುಂಬಿಸುವುದೇ ನನ್ನ ಕಸುಬು. ಅವತ್ತು ಬಾಯ್ಲರ್ ನೋಡಿಕೊಳ್ಳುವ ಯಜಮಾನರೊಬ್ಬರು 'ಏನೂ ಬರಲ್ಲ' ಎಂದಷ್ಟೇ ಬರೆದಿದ್ದರು. ಕೆದಕಿದರೆ, ಇಪ್ಪತ್ತು ಯಂತ್ರಗಳ ಸದ್ದಿನಲ್ಲಿ ಯಾವುದು ನಾಳೆ ಕೆಡುತ್ತದೆ ಎಂದು ಕಿವಿಯಲ್ಲೇ ಹೇಳುತ್ತಾರಂತೆ. ಅದನ್ನು ಎಡಗಡೆ ಬರೆಸಿದಾಗ ಅವರು ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ ರೀತಿ ನೀನು ನೋಡಬೇಕಿತ್ತು. ಇಂಥದ್ದಕ್ಕೇ ಕಣೇ ನಾನು ಊರೂರು ಅಲೆದದ್ದು.

ಆಮೇಲೆ ಒಬ್ಬ ಹೆಂಗಸಿನ ಹಾಳೆ ಸಿಕ್ಕಿತು. ನನ್ನ ವಯಸ್ಸಿನವಳೇ. ಎಡಗಡೆ 'ಕಲೆ' ಎಂದು ಒಂದೇ ಮಾತು. ನನಗೆ ಖುಷಿಯೋ ಖುಷಿ. ವೇದಿಕೆಗೆ ಕರೆದು, ಮೈಕು ಕೊಟ್ಟು, "ಯಾವ ಕಲೆ ಅಮ್ಮ? ಹಾಡೋದಾ, ಚಿತ್ರ ಬಿಡಿಸೋದಾ?" ಎಂದೆ.

"ಎಲ್ಲಾ ಕಲೆನೂ ಮೇಡಂ. ರಕ್ತದ್ದು, ಔಷಧಿದು, ಟೀದು. ಇಸ್ತ್ರಿಗೆ ಹೋಗೋ ಮುಂಚೆ ಬಟ್ಟೆನ ಬೆಳಕಿಗೆ ಹಿಡಿದು ನೋಡೋದು ನಂದೇ ಕೆಲಸ. ನನ್ ಕಣ್ ತಪ್ಪಿಸಿ ಒಂದು ಕಲೆನೂ ಆಚೆ ಹೋಗಲ್ಲ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ನಗು ಇಳಿಯುವ ಮುಂಚೆಯೇ ನಾನು ನನ್ನ ಮಾಮೂಲಿ ನಗೆಹನಿ ಬಿಟ್ಟೆ. ಪ್ಲಾಸ್ಟಿಕ್ ಹಾಕಿಸಿದ ಆ ಹಾಳೆ ಚೀಲದಲ್ಲಿ ಯಾವಾಗಲೂ ಇರುತ್ತದಲ್ಲ. ಎತ್ತಿ ಹಿಡಿದು, "ನಮ್ಮ 'ಬರುತ್ತೆ' ಅನ್ನೋ ಮಾತೇ ಹೀಗೆ. ಏಳು ವರ್ಷದ ಒಂದು ಮಗುಗೆ ಇದೇ ಹಾಳೆ ಕೊಟ್ಟಿದ್ದೆ. ಅದು ಏನು ಬರೆದಿತ್ತು ಗೊತ್ತಾ? ಜ್ವರ ಬರುತ್ತೆ. ಕೆಮ್ಮು ಬರುತ್ತೆ. ಅಳು ಬರುತ್ತೆ. ಅತ್ತೆ ಬರುತ್ತೆ" ಎಂದು ಓದಿದೆ. 'ಅತ್ತೆ ಬರುತ್ತೆ' ಎಂದಾಗ ಎಲ್ಲ ಕಡೆಯೂ ಆಗುವಂತೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಕಲೆ ಹುಡುಕುವವಳು ನಗಲಿಲ್ಲ. ಇನ್ನೂ ವೇದಿಕೆಯ ಮೇಲೇ ಇದ್ದಳು, ಕೈಯಲ್ಲಿ ಮೈಕು ಬೇರೆ. "ಆ ಕಡೆ ಏನಿತ್ತು ಮೇಡಂ?" ಎಂದು ಕೇಳಿದಳು.

"ಯಾವ ಕಡೆ?"

"ಬರಲ್ಲ ಅನ್ನೋ ಕಡೆ. ಮಗು ಅಲ್ಲಿ ಏನ್ ಬರೆದಿತ್ತು?"

ಇಪ್ಪತ್ತೊಂದು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಮೇಷ್ಟ್ರುಗಳು, ಡಾಕ್ಟರುಗಳು, ದೊಡ್ಡ ದೊಡ್ಡ ಅಧಿಕಾರಿಗಳು ಎಲ್ಲ ನಕ್ಕು ಸುಮ್ಮನಾಗಿದ್ದರು. "ಆ ಕಡೆ ಖಾಲಿ ಬಿಟ್ಟಿತ್ತು" ಎಂದೆ. ನೀರು ಕುಡಿದಷ್ಟು ಸಲೀಸಾಗಿ ಬಂತು ಆ ಮಾತು.

"ಈ ಕಡೆ ಇಷ್ಟು ಬರೆದಿರೋ ಮಗು ಆ ಕಡೆ ಖಾಲಿ ಬಿಡುತ್ತಾ? ಹುಷಾರಿಲ್ಲದ ಮಗು ಅಲ್ವಾ ಅದು. ಈಗೆಲ್ಲಿದೆ? ಚೆನ್ನಾಗಿದೆಯಾ?" ಎಂದಳು.

ಯಾರದೋ ಮಗು, ಗೊತ್ತಿಲ್ಲ ಎಂದೆ ಪಿಟೀಲು. ಅರವತ್ತು ಜನರ ಎದುರು ನಿನ್ನನ್ನು ಯಾರದೋ ಮಗು ಎಂದೆ. ಆಮೇಲೆ ಏನು ಮಾತಾಡಿದೆನೋ ನನಗೆ ನೆನಪಿಲ್ಲ.

ಮನೆಗೆ ಬಂದು ನಿಮ್ಮಪ್ಪನ ಮುಂದೆ ಒದರಿದೆ, ಎಂಥಾ ಅಧಿಕಪ್ರಸಂಗಿ ಹೆಂಗಸು ನೋಡಿ ಎಂದು. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅವಳೂ ಒಂದು ಸಲ ಕೇಳಿಸಿಕೊಂಡಿದಾಳೆ, ಅದನ್ನ" ಎಂದರು.

"ಯಾರು?"

"ನಿನ್ ಮಗಳು. ಕಾಲೇಜಲ್ಲಿದ್ದಾಗ. ನಿನಗೆ ಹೇಳದೆ ಬಂದು ಹಿಂದಿನ ಸಾಲಲ್ಲಿ ಕೂತಿದ್ಲಂತೆ. ಅಮ್ಮ ಹೇಗೆ ಮಾತಾಡ್ತಾಳೆ ಕೇಳ್ಬೇಕು ಅಂತ ಆಸೆ ಅವಳಿಗೆ. ಅತ್ತೆ ಬರುತ್ತೆ ಅಂದಾಗ ಎಲ್ಲರೂ ನಕ್ಕರು, ಎದ್ದು ಬಂದುಬಿಟ್ಟೆ ಅಪ್ಪ ಅಂದ್ಲು."

ಒಂಬತ್ತು ವರ್ಷದಿಂದ ಇವರಿಗೆ ಗೊತ್ತಿದೆ. ಯಾಕೆ ಹೇಳಲಿಲ್ಲ ಎಂದು ಜಗಳಕ್ಕೆ ನಿಂತೆ. ನಿಮ್ಮಪ್ಪ ಏನು ಹೇಳಿದರು ಗೊತ್ತೇ? "ಹೇಳಿದ್ರೆ ನೀನು ಅದನ್ನೂ ಸೇರಿಸಿ ವೇದಿಕೆ ಮೇಲೆ ಹೇಳ್ತಿದ್ದೆ." ಕೋಪದಲ್ಲಿ ಹೇಳಲಿಲ್ಲ. ಟೀ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದರು. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯನ ಕಣ್ಣಿಗೆ ನಾನು ಹೀಗೆ ಕಾಣುತ್ತಿದ್ದೆನೇ? ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಾನು ಹೇಳುತ್ತಿದ್ದೆ.

ನೀನು ಯಾಕೆ ನರ್ಸಮ್ಮನನ್ನು ಗೊತ್ತು ಮಾಡಿಕೊಂಡೆ ಎಂದು ಈಗ ತಿಳಿಯಿತು. ಯಾರ ಯಾರ ಎಡಗಡೆಯನ್ನೋ ತುಂಬಿಸಿದೆ, ಮಾತಾಡದ ಮಕ್ಕಳನ್ನು ಮಾತಾಡಿಸಿದೆ, ಮನೆಯಲ್ಲಿದ್ದ ಒಂದು ಮಗುವನ್ನು ನಗೆಹನಿ ಮಾಡಿಕೊಂಡೆ. ನಾಚಿಕೆಯಾಗುತ್ತಿದೆ. ಸೋಮವಾರದ ಶಾಲೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ. ಅದರಾಚೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಒಂದೇ ಒಂದು ಕೇಳುತ್ತೇನೆ. ಆ ಆರು ವಾರ ನನ್ನನ್ನು ನಿನ್ನ ಹತ್ತಿರ ಇರಲು ಬಿಡು. ನರ್ಸಮ್ಮನೂ ಇರಲಿ, ಬೇಡ ಎನ್ನುವುದಿಲ್ಲ. ನಾನು ಗಂಜಿ ಮಾಡುತ್ತೇನೆ, ತಲೆ ಬಾಚುತ್ತೇನೆ, ಉಪದೇಶ ಮಾಡಲು ಬಾಯಿ ತೆರೆದರೆ ಆಚೆ ಕಳಿಸು.

ನಿನ್ನ ಬೆನ್ನು ನೆಟ್ಟಗಾಗಲಿ, ಚಿಕ್ಕಂದಿನ ಹಾಗೆ ಮೆಟ್ಟಿಲನ್ನು ಎರಡೆರಡಾಗಿ ಹಾರುವ ಹಾಗೆ ಆಗಲಿ. ನೂರು ಕಾಲ ಸುಖವಾಗಿ ಬಾಳು, ಕಂದಾ.

ನಿನ್ನ
ಅಮ್ಮ

ಮ.ಬ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಬಲಗಡೆ ಖಾಲಿ ಇರಲಿಲ್ಲ ಎಂದು ನಿನಗೆ ನೆನಪಿದೆಯೋ ಇಲ್ಲವೋ. ಟೈಫಾಯ್ಡಿನಲ್ಲಿ ನೀನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಅಷ್ಟೂ ದಿನ ಪಕ್ಕದಲ್ಲಿ ಕೂತವಳು ನಿನ್ನ ಅತ್ತೆ. ಎರಡು ಶಾಲೆಗಳ ನಡುವೆ ಬಿಡುವು ಸಿಕ್ಕಾಗ ಬಂದು, ನಿನಗೆ ಹೊತ್ತು ಹೋಗಲಿ ಎಂದು ನಾನೇ ಆ ಹಾಳೆ ಕೊಟ್ಟು ಹೋಗಿದ್ದೆ. ಬಲಗಡೆ ನೀನು ಎರಡು ಮಾತು ಬರೆದಿದ್ದೆ: ನಿದ್ದೆ. ಅಮ್ಮ.

ಅದನ್ನು ನಾನು ಈಗ ನೋಡಿದ್ದಲ್ಲ. ಮಾರನೆಯ ದಿನವೇ ಓದಿದ್ದೆ. ಓದಿ, ನಡುವಿನ ಗೆರೆಯ ಮೇಲೆ ಮಡಿಚಿ, ಎಡಗಡೆ ಮಾತ್ರ ಕಾಣುವ ಹಾಗೆ ಪ್ಲಾಸ್ಟಿಕ್ ಹಾಕಿಸಿದವಳು ನಾನೇ. ಇದನ್ನು ಓದಿದ ಮೇಲೆ, ಬಾ ಎಂದೋ ಬೇಡ ಎಂದೋ ಬರೆ.