ಮೀಟರಿನ ಎರಡು ಮೊನೆಗಳು

ಅಪ್ಪನಿಗೆ ನಮಸ್ಕಾರ.

ಕಣ್ಣಿನ ಆಪರೇಷನ್ ಆದ ಮೇಲೆ ಮತ್ತೆ ರಿಪೇರಿ ಮೇಜಿಗೆ ಕೂರುತ್ತೇನೆಂದು ನೀವು ಹಟ ಹಿಡಿದಿರಿ. ಅದಕ್ಕೇ ನಿನ್ನೆ ನಿಮ್ಮ ಮುಂದೆ ಒಂದು ಎಲ್‌ಇಡಿ ಡ್ರೈವರ್ ಬೋರ್ಡ್ ಇಟ್ಟೆ. ನೀವು ಮೀಟರ್ ಹಿಡಿದು ನೋಡಿ, "ಎಲ್ಲಾ ಓಪನ್ ಕಣೇ, ಎಲ್ಲೂ ಕರೆಂಟ್ ದಾಟ್ತಿಲ್ಲ. ಇಷ್ಟು ವರ್ಷ ಇಲ್ಲಿ ಕತ್ತೆ ಕಾಯ್ತಿದ್ಯಾ?" ಎಂದು ಗಿರಾಕಿಗಳೆದುರು ನಕ್ಕಿರಿ. ಡಯೋಡು, ಕಾಯಿಲು ಎಲ್ಲವನ್ನೂ ಕಿತ್ತುಹಾಕಿದಿರಿ.

ಆ ಬೋರ್ಡ್ ಹೊಸದು. ಬೆಳಿಗ್ಗೆಯಷ್ಟೇ ಅದಕ್ಕೆ ದೀಪ ಜೋಡಿಸಿ, ಉರಿಯುವುದನ್ನು ನೋಡಿದ್ದೆ. ತುಂಡಾಗಿದ್ದದ್ದು ಮೀಟರಿನ ವೈರು. ಅದನ್ನು ಒಳಗಿಂದ ಕತ್ತರಿಸಿದವಳು ನಾನು. ಯಾವ ಬೋರ್ಡನ್ನೂ ದೂರುವ ಮೊದಲು ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ, ಮೀಟರೇ ಸರಿಯಿದ್ದರೆ ಬರಬೇಕಾದ ಬೀಪ್ ಬರುತ್ತದೆಯೇ ನೋಡಬೇಕೆಂದು ನನ್ನ ತಲೆಗೆ ಮೊಟಕಿ ಕಲಿಸಿದ್ದು ನೀವೇ. ನಿನ್ನೆ ನೀವು ತಾಗಿಸಲಿಲ್ಲ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದು ನಿಜವೇ ಇರಬೇಕು; ಮರೆತದ್ದು ಕಣ್ಣಲ್ಲವಲ್ಲ.

ಗಿರಾಕಿಗಳಿಗೆ ನಾನಿನ್ನೂ ಏನೂ ಹೇಳಿಲ್ಲ. ಅಂಗಡಿಯ ಬೀಗದಕೈಯನ್ನು ಸಂಜೆಯೊಳಗೆ ಅಮ್ಮನ ಕೈಲಿ ಕಳಿಸಿಕೊಟ್ಟರೆ ಹೇಳುವುದೂ ಇಲ್ಲ. ನಿಮ್ಮ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದೇನೆ. ಬಂದವರನ್ನು ಮಾತಾಡಿಸಿಕೊಂಡು ಕೂತಿರಬಹುದು.

ಬೇಸರವಾದರೆ ಆ ಮೀಟರನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅದು ಇನ್ನು ನಿಮ್ಮದೇ.

ನಿಮ್ಮ ಕೈಯಲ್ಲೇ ಪಳಗಿದ
ಮಗಳು