ರಕ್ತಪಿಶಾಚಿ ಹೇಳಿದ ಗುಟ್ಟು

ಅಜ್ಜೀ,

ನೀನು ಹೋದ ಮೇಲೆ ಇವತ್ತೇ ಮೊದಲು, ನಮ್ಮ ಆ ಹಳೆಯ ರಕ್ತಪಿಶಾಚಿಯ ಸಿನಿಮಾಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಶವಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿದ್ದೇ ತಡ, ಚಿಕ್ಕಂದಿನಲ್ಲಿ ನೀನು ನನಗೆ ಮಾಡುತ್ತಿದ್ದಂತೆಯೇ ಅವಳ ಕಣ್ಣಿಗೆ ಅಂಗೈ ಅಡ್ಡ ಹಿಡಿದೆ.

"ಅಮ್ಮಾ, ಈಗೇನ್ ಮಾಡ್ತಿದಾನೆ?"

"ಆ ಹುಡುಗಿ ಕಿವೀಲಿ ಗುಟ್ಟು ಹೇಳ್ತಿದಾನೆ ಕಣೇ." ಅದು ನಿನ್ನದೇ ಮಾತು.

"ಮತ್ಯಾಕೆ ಕಿರುಚ್ತಿದಾಳೆ?"

"ಕಚಗುಳಿ ಆಗ್ತಿದೆ, ಅದಕ್ಕೆ." ಅದೂ ನಿನ್ನದೇ.

ಮಗಳು ನನ್ನ ಕೈ ಸರಿಸಿದಳು. ಪರದೆ ಬಿಟ್ಟು ನನ್ನ ಮುಖ ನೋಡಿ ನಕ್ಕೇಬಿಟ್ಟಳು.

"ಅಯ್ಯೋ, ನೀನೂ ಕಣ್ಮುಚ್ಕೊಂಡಿದೀಯಾ!"

ಹಾಗಾದರೆ ನೀನೂ ಏನೂ ನೋಡುತ್ತಿರಲಿಲ್ಲ, ಅಲ್ಲವೇ ಕಳ್ಳಿ? ಗಟ್ಟಿಗಿತ್ತಿ ಎಂದು ಮನೆಮಂದಿಯೆಲ್ಲ ಹೊಗಳುತ್ತಿದ್ದ ನಿನ್ನ ಕಡೆಗೆ ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ನಿನ್ನ ಕಣ್ಣಿಗೆ ಅಡ್ಡ ಹಿಡಿಯಲು ನನ್ನ ಎರಡು ಕೈಗಳೂ ಖಾಲಿಯೇ ಇದ್ದವಲ್ಲ, ಅಜ್ಜೀ.